ಆರ್ಕಿಟೆಕ್ಚರ್ ಕಾಲೇಜಲ್ಲಿ ಬಿದಿರಿನ ಗುಡಿಸಲು ಕಟ್ಟಿಸೋದು ಯಾಕೆ?

ಪ್ರಶ್ನೆ: ಮೇಡಂ, ನಾನು ರಾಣೆಬೆನ್ನೂರಿನಲ್ಲಿ ಮನೆ ಕಟ್ಟುವ ಕಾಂಟ್ರಾಕ್ಟರ್. ಗಾರೆ ಕೆಲಸದಿಂದ ಶುರು ಮಾಡಿದವನು, ಈಗ ನನ್ನದೇ ಒಂದು ತಂಡ ಇದೆ. ಮಗಳು ಬೆಂಗಳೂರಿನಲ್ಲಿ ಬಿ.ಆರ್ಕ್ ಮೊದಲ ವರ್ಷ ಓದುತ್ತಿದ್ದಾಳೆ. ಸೇರಿದಾಗಿನಿಂದ ಒಂದೂ ಮನೆಯ ಪ್ಲಾನ್ ಹಾಕಿಸಿಲ್ಲ. ಮೊದಲು ಕಾಗದ ಮಡಿಚಿಸಿದರು. ಆಮೇಲೆ ರಟ್ಟಿನ ಡಬ್ಬಕ್ಕೆ ತೂತು ಕೊರೆಸಿ ಒಳಗೆ ಬೀಳುವ ಬೆಳಕಿನ ಫೋಟೊ ತೆಗೆಸಿದರು. ಕಳೆದ ತಿಂಗಳು ಆರಾರು ಮಕ್ಕಳ ಗುಂಪು ಮಾಡಿ ಬಿದಿರು, ಹಗ್ಗ, ತಾಡಪತ್ರಿ ಕೊಟ್ಟು, ಇಬ್ಬರು ಒಂದು ರಾತ್ರಿ ಇರುವಂಥ ಶೆಲ್ಟರ್ ಅನ್ನು ಕಾಲೇಜಿನ ಮೈದಾನದಲ್ಲಿ ಕಟ್ಟಿ ಎಂದರಂತೆ. ಆ ರಾತ್ರಿ ಮಳೆ ಬಂತು. ತಾಡಪತ್ರಿಯಲ್ಲಿ ನೀರು ನಿಂತು ಒಂದು ಕಡೆ ಕುಸಿಯಿತು. ದೇವರ ದಯೆ, ಯಾರಿಗೂ ಪೆಟ್ಟಾಗಲಿಲ್ಲ. ಮರುದಿನ ಜೂರಿಗೆ, ಅಂದರೆ ಮಕ್ಕಳ ಕೆಲಸ ನೋಡಿ ವಿಮರ್ಶೆ ಮಾಡಲು, ಬಂದವರೊಬ್ಬರು ‘ಇದರಲ್ಲಿ ಸ್ಪೇಸ್ ಎಲ್ಲಿದೆ?’ ಎಂದು ಕೇಳಿ ಮುಂದಿನ ಗುಂಪಿಗೆ ಹೋಗಿಬಿಟ್ಟರು. ಮಗಳು ಫೋನಿನಲ್ಲಿ ಅತ್ತಳು. ವಾರಕ್ಕೆ ಎರಡು ಮೂರು ರಾತ್ರಿ ನಿದ್ದೆಯೇ ಇಲ್ಲ. ಬೋರ್ಡು, ಶೀಟು ಅಂತ ಖರ್ಚು ಬೇರೆ. ಅವಳಿಗೆ ಚಿತ್ರ ಅಷ್ಟು ಚೆನ್ನಾಗಿ ಬರುವುದಿಲ್ಲ. ‘ಈ ಓದು ನನಗಾಗಲ್ಲ ಅಪ್ಪ’ ಅನ್ನುತ್ತಾಳೆ. ಸಿವಿಲ್‌ಗೆ ಹಾಕು ಎಂದು ನೆಂಟರು ಹೇಳುತ್ತಾರೆ. ಇಂಥ ಗುಡಿಸಲನ್ನು ನಮ್ಮ ಹುಡುಗರು ಅರ್ಧ ದಿನದಲ್ಲಿ ಎಬ್ಬಿಸುತ್ತಾರೆ. ಇದಕ್ಕೆ ಐದು ವರ್ಷದ ಓದು ಬೇಕಾ? ಮಗಳನ್ನು ಅಲ್ಲೇ ಬಿಡಲಾ, ಕರೆದುಕೊಂಡು ಬರಲಾ?

ಉತ್ತರ: ನಿಮ್ಮ ಪತ್ರದಲ್ಲಿ ಮೂರು ಚಿಂತೆಗಳು ಒಂದಕ್ಕೊಂದು ಸೇರಿಕೊಂಡಿವೆ. ಕಾಲೇಜಿನಲ್ಲಿ ಕಲಿಸುತ್ತಿರುವುದು ಕೆಲಸಕ್ಕೆ ಬರುವ ವಿದ್ಯೆಯಾ ಅನ್ನುವುದು ಒಂದು. ಮಗಳಿಗೆ ಈ ಓದು ಒಗ್ಗುತ್ತದಾ ಅನ್ನುವುದು ಇನ್ನೊಂದು. ಅವಳ ನಿದ್ದೆ, ಅಳು, ‘ನನಗಾಗಲ್ಲ’ ಅನ್ನುವ ಮಾತು ಮೂರನೆಯದು. ಈ ಮೂರನೆಯದನ್ನು ಈ ವಾರವೇ ನೋಡಬೇಕು. ಏನು ಮಾಡಬೇಕೆಂದು ಕೆಳಗೆ ಬರೆದಿದ್ದೇನೆ. ಮೊದಲೆರಡಕ್ಕೆ ಸ್ವಲ್ಪ ವಿವರ ಬೇಕಾಗುತ್ತದೆ. ನಾನು ಕಟ್ಟಡದ ಕೆಲಸವನ್ನೂ ಮಾಡುತ್ತೇನೆ, ಮೊದಲ ವರ್ಷದ ಸ್ಟುಡಿಯೊದಲ್ಲಿ, ಅಂದರೆ ವಿನ್ಯಾಸವನ್ನು ಮಾಡಿ ಕಲಿಯುವ ತರಗತಿಯಲ್ಲಿ, ಪಾಠವನ್ನೂ ಮಾಡುತ್ತೇನೆ. ಹಾಗಾಗಿ ನಿಮ್ಮ ಸಂಕಟವೂ ಗೊತ್ತು, ಆ ಮೇಷ್ಟ್ರುಗಳ ಉದ್ದೇಶವೂ ಗೊತ್ತು.

ಮನೆ ಕಟ್ಟುವುದನ್ನು ಕಲಿಸುವುದೇ ಇಲ್ಲ ಅನ್ನುವ ಭಯವನ್ನು ಮೊದಲು ಬಿಡಿ. ಬಿ.ಆರ್ಕ್ ಐದು ವರ್ಷ, ಹತ್ತು ಸೆಮಿಸ್ಟರ್. ಪಾಯ, ಇಟ್ಟಿಗೆ ಕಟ್ಟು, ಮೆಟ್ಟಿಲು, ಬಾಗಿಲು ಕಿಟಕಿ, ಚಾವಣಿ ಎಲ್ಲವೂ ಕಟ್ಟಡ ನಿರ್ಮಾಣದ ವಿಷಯದಲ್ಲಿ ಸೆಮಿಸ್ಟರ್ ಮೇಲೆ ಸೆಮಿಸ್ಟರ್ ಬರುತ್ತವೆ. ಜೊತೆಗೆ ಸ್ಟ್ರಕ್ಚರ್ ಇದೆ, ನೀರು, ಒಳಚರಂಡಿ, ವಿದ್ಯುತ್ ಇದೆ, ಎಸ್ಟಿಮೇಟ್ ಇದೆ. ಕೋರ್ಸಿನ ಕೊನೆಯ ಭಾಗದಲ್ಲಿ ಕನಿಷ್ಠ ಒಂದು ಸೆಮಿಸ್ಟರ್ ಆರ್ಕಿಟೆಕ್ಟ್ ಕಚೇರಿಯಲ್ಲಿ ಕೆಲಸ ಕಲಿಯಬೇಕು. ಇದೆಲ್ಲ ಮುಗಿಸಿ ಕೌನ್ಸಿಲ್ ಆಫ್ ಆರ್ಕಿಟೆಕ್ಚರ್‌ನಲ್ಲಿ ಹೆಸರು ನೋಂದಾಯಿಸಿದ ಮೇಲೆಯೇ ಆರ್ಕಿಟೆಕ್ಟ್ ಎಂದು ಹೇಳಿಕೊಳ್ಳಬಹುದು. 1972ರ ಕಾಯ್ದೆ ಇರುವುದೇ ಹಾಗೆ. ನಿಮ್ಮ ಮಗಳು ಈಗ ನೋಡುತ್ತಿರುವುದು ಮೊದಲ ಕೆಲವು ತಿಂಗಳನ್ನು ಮಾತ್ರ.

ಮನೆಯಿಂದಲೇ ಶುರು ಮಾಡಬಹುದಿತ್ತಲ್ಲ ಅನ್ನುತ್ತೀರಿ. ಮೊದಲ ವಾರ ನಾನು ಮಕ್ಕಳಿಗೆ ಒಂದು ಮನೆ ಬರೆಯಿರಿ ಅನ್ನುತ್ತೇನೆ. ಬೀದರಿನಿಂದ ಬಂದವರು, ಮಂಗಳೂರಿನಿಂದ ಬಂದವರು, ಬೆಂಗಳೂರಿನಲ್ಲೇ ಬೆಳೆದವರು, ಹೆಚ್ಚುಕಡಿಮೆ ಎಲ್ಲರೂ ಒಂದೇ ಮನೆ ಬರೆಯುತ್ತಾರೆ. 30-40 ಸೈಟು, ಮುಂದೆ ಕಾರಿಗೆ ಜಾಗ, ಹಾಲ್, ಅದಕ್ಕೆ ಸೇರಿದಂತೆ ಅಡುಗೆಮನೆ, ಅಟ್ಯಾಚ್ಡ್ ಬಾತ್‌ರೂಮಿನ ಎರಡು ಕೋಣೆ. ಬೀದರಿನ ಬಿಸಿಲಿಗೂ ಅದೇ ಮನೆ, ಮಂಗಳೂರಿನ ಮಳೆಗೂ ಅದೇ ಮನೆ. ಗೋಡೆ ಯಾಕೆ ಅಲ್ಲಿದೆ, ಕಿಟಕಿ ಯಾಕೆ ಆ ಕಡೆ ಅಂದರೆ ಉತ್ತರ ಇರುವುದಿಲ್ಲ. ಅವರ ತಪ್ಪೇನಿಲ್ಲ. ಅವರು ನೋಡಿ ಬೆಳೆದಿರುವುದೇ ಅದು. ಈ ಸಿದ್ಧ ಮನೆಯನ್ನು ತಲೆಯಿಂದ ತೆಗೆಯದೆ ಪ್ಲಾನ್ ಹಾಕಲು ಕೊಟ್ಟರೆ ಐದು ವರ್ಷವೂ ಅದನ್ನೇ ತಿದ್ದಿ ತಿದ್ದಿ ಬರೆಯುತ್ತಾರೆ. ಅದಕ್ಕೇ ಮೊದಲು ಹಾಲ್, ಬೆಡ್‌ರೂಮ್ ಅನ್ನುವ ಹೆಸರುಗಳನ್ನು ಕಿತ್ತುಕೊಂಡು, ಬರೀ ಬೆಳಕು, ಭಾರ, ಅಳತೆ, ಗಾಳಿ, ಮಳೆ ಕೊಡುತ್ತೇವೆ.

ಕಾಗದ ಮಡಿಚುವುದನ್ನೇ ತೆಗೆದುಕೊಳ್ಳಿ. ಇದಕ್ಕೆ ಸುಮಾರು ನೂರು ವರ್ಷದ ಇತಿಹಾಸ ಇದೆ. ಜರ್ಮನಿಯಲ್ಲಿ 1919ರಲ್ಲಿ ಬೌಹೌಸ್ ಅನ್ನುವ ಕಲೆ-ವಿನ್ಯಾಸದ ಶಾಲೆ ಶುರುವಾಯಿತು. ಅಲ್ಲಿ ಜೋಸೆಫ್ ಆಲ್ಬರ್ಸ್ ಅನ್ನುವ ಮೇಷ್ಟ್ರು ಹೊಸ ವಿದ್ಯಾರ್ಥಿಗಳಿಗೆ ನ್ಯೂಸ್‌ಪೇಪರ್ ಕೊಟ್ಟು, ಚೂರೂ ಹಾಳುಮಾಡದೆ ಇದರಿಂದ ಏನಾದರೂ ಮಾಡಿ ಅನ್ನುತ್ತಿದ್ದರು. ಹಾಳೆ ತಾನಾಗಿ ನಿಲ್ಲುವುದಿಲ್ಲ. ಒಂದು ಮಡಿಕೆ ಹಾಕಿದರೆ ನಿಲ್ಲುತ್ತದೆ. ಸಾಲಾಗಿ ಮಡಿಕೆ ಹಾಕಿದರೆ ಮೇಲೆ ಪುಸ್ತಕ ಇಟ್ಟರೂ ತಾಳುತ್ತದೆ. ನೀವು ಶೆಡ್ಡಿಗೆ ಹಾಕುವ ತಗಡು ಅಲೆಅಲೆಯಾಗಿ ಇರುವುದೂ ಇದಕ್ಕೇ ಅಲ್ವಾ? ಅದೇ ದಪ್ಪದ ಚಪ್ಪಟೆ ತಗಡನ್ನು ಆ ಅಂತರಕ್ಕೆ ಹಾಕಿದರೆ ಜೋತು ಬೀಳುತ್ತದೆ. ನಿಮಗೆ ಇದು ಕೈಗೆ ಗೊತ್ತಿರುವ ವಿಷಯ. ಹದಿನೆಂಟು ವರ್ಷದ ಹುಡುಗಿಗೆ ಅದು ಇನ್ನೂ ಕೈಗೆ ಬರಬೇಕು. ಪುಸ್ತಕದಲ್ಲಿ ಓದಿದರೆ ಪರೀಕ್ಷೆಗೆ ಬರುತ್ತದೆ, ಕೈಯಲ್ಲಿ ಮಡಿಚಿದರೆ ಡ್ರಾಯಿಂಗಿಗೆ ಬರುತ್ತದೆ.

ರಟ್ಟಿನ ಡಬ್ಬದ ವಿಷಯ ನನಗೆ ತುಂಬ ಇಷ್ಟ. ಅದರ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ. ಒಂದೇ ಅಳತೆಯ ತೂತನ್ನು ಪಕ್ಕದ ಗೋಡೆಯಲ್ಲಿ ಕೊರೆಯಿರಿ, ಆಮೇಲೆ ಚಾವಣಿಯಲ್ಲಿ ಕೊರೆಯಿರಿ. ಒಳಗಿನ ಜಾಗ ಎರಡು ಬೇರೆ ಬೇರೆ ಕೋಣೆ ಅನ್ನಿಸುವಷ್ಟು ಬದಲಾಗುತ್ತದೆ. ತೂತನ್ನು ಮೂಲೆಗೆ ಸರಿಸಿದರೆ ಬೆಳಕು ಗೋಡೆಯನ್ನು ಸವರಿಕೊಂಡು ಬಂದು ಗೋಡೆಯ ಒರಟೆಲ್ಲ ಕಾಣುತ್ತದೆ. ಒಳಗೆ ಕೆಂಪು ಕಾಗದ ಅಂಟಿಸಿದರೆ ಇಡೀ ಡಬ್ಬ ಕೆಂಪಾಗುತ್ತದೆ. ನಿಮ್ಮ ಕಡೆಯ ಹಳೇ ಮಣ್ಣಿನ ಮಾಳಿಗೆ ಮನೆಗಳಲ್ಲಿ ಚಾವಣಿಗೆ ಬೆಳಕಿಂಡಿ ಬಿಟ್ಟಿರುತ್ತಾರೆ. ಅಕ್ಕಪಕ್ಕ ಮನೆಗಳು ಅಂಟಿಕೊಂಡಿರುತ್ತವೆ, ಗೋಡೆ ದಪ್ಪ, ಕಿಟಕಿ ಇಡಲು ಜಾಗವಿಲ್ಲ. ಆದರೂ ಆ ಒಂದು ಕಿಂಡಿಯ ಕೆಳಗೆ ಕೂತು ಅಕ್ಕಿ ಆರಿಸುತ್ತಾರೆ. ಆ ಕಿಂಡಿ ಇಟ್ಟವರಿಗೆ ಬೆಳಕಿನ ಲೆಕ್ಕ ಗೊತ್ತಿತ್ತು. ಮಗಳು ಡಬ್ಬದಲ್ಲಿ ಹುಡುಕುತ್ತಿರುವುದು ಆ ಲೆಕ್ಕವನ್ನೇ.

ಇದರ ಮುಂದುವರಿಕೆಯಾಗಿ ಮೈದಾನದಲ್ಲಿ ಒಂದು ಕೋಲು ನೆಟ್ಟು ನೆರಳು ಗುರುತಿಸುವ ಅಭ್ಯಾಸ ಮಾಡಿಸುತ್ತೇವೆ. ಬೆಂಗಳೂರಿನಲ್ಲಿ ಏಪ್ರಿಲ್ 24ರ ಸುಮಾರಿಗೆ ಮತ್ತು ಆಗಸ್ಟ್ 18ರ ಸುಮಾರಿಗೆ ಮಧ್ಯಾಹ್ನ ಸೂರ್ಯ ನೆತ್ತಿಯ ಮೇಲೇ ಇರುತ್ತಾನೆ, ಕೋಲಿಗೆ ನೆರಳೇ ಇರುವುದಿಲ್ಲ. ಈ ಎರಡು ದಿನಗಳ ನಡುವೆ ಮಧ್ಯಾಹ್ನದ ಬಿಸಿಲು ಬರುವುದು ಉತ್ತರದ ಕಡೆಯಿಂದ. ಡಿಸೆಂಬರಿನಲ್ಲಿ ಅದೇ ಸೂರ್ಯ ದಕ್ಷಿಣಕ್ಕೆ ವಾಲಿ, ನಡು ಮಧ್ಯಾಹ್ನದಲ್ಲೂ ನೆಲದಿಂದ ಸುಮಾರು 53 ಡಿಗ್ರಿ ಎತ್ತರದಲ್ಲಷ್ಟೇ ಇರುತ್ತಾನೆ. ಉತ್ತರದ ಕಿಟಕಿಗೆ ಬಿಸಿಲೇ ಬರುವುದಿಲ್ಲ ಎಂದು ಯುರೋಪಿನ ಪುಸ್ತಕ ಓದಿ ಬಂದ ಮಕ್ಕಳು ಇದನ್ನು ನೋಡಿ ಬೆರಗಾಗುತ್ತಾರೆ. ಸಜ್ಜಾ ಎಲ್ಲಿ ಬೇಕು, ಎಷ್ಟು ಮುಂದೆ ಬರಬೇಕು ಅನ್ನುವ ಪ್ರಶ್ನೆ ಅಲ್ಲಿಂದ ಹುಟ್ಟುತ್ತದೆ.

ಅಳತೆಯ ವಿಷಯವೂ ಹೀಗೆಯೇ. ಸ್ಕ್ರೀನಿನ ಮೇಲೆ ಹತ್ತು ಅಡಿ, ಹನ್ನೆರಡು ಅಡಿ ಎಲ್ಲ ಒಂದೇ ಥರ ಕಾಣುತ್ತದೆ. ನೆಲದ ಮೇಲೆ ಟೇಪ್ ಅಂಟಿಸಿ ಒಳಗೆ ಮಲಗಿ, ಕೂತು, ಇನ್ನೊಬ್ಬರು ದಾಟಿ ಹೋಗುವುದನ್ನು ನೋಡಿದಾಗ ಮೈಗೆ ತಿಳಿಯುತ್ತದೆ. ಚಂಡೀಗಢದ ದೊಡ್ಡ ದೊಡ್ಡ ಕಟ್ಟಡಗಳನ್ನು ಯೋಜಿಸಿದ ಲ ಕಾರ್ಬೂಸಿಯೆ ಅದೇ ಕಾಲದಲ್ಲಿ, 1950ರ ದಶಕದ ಆರಂಭದಲ್ಲಿ, ಫ್ರಾನ್ಸಿನ ಕಡಲ ತೀರದಲ್ಲಿ ತನಗೆಂದು ಒಂದು ಮರದ ಗುಡಿಸಲು ಮಾಡಿಕೊಂಡರು. 3.66 ಮೀಟರ್ ಉದ್ದ, 3.66 ಮೀಟರ್ ಅಗಲ. ಅಂದರೆ ನಮ್ಮ ಲೆಕ್ಕದಲ್ಲಿ 12-12 ಅಡಿ. ಚಾವಣಿ 2.26 ಮೀಟರ್, ಆರಡಿ ಮನುಷ್ಯ ಕೈ ಎತ್ತಿದರೆ ಬೆರಳು ತಾಗುವ ಎತ್ತರ. ಮಲಗಲು, ಬರೆಯಲು, ಬಟ್ಟೆ ಇಡಲು ಎಲ್ಲಕ್ಕೂ ಅದರೊಳಗೇ ಜಾಗ. ನಾನು ಆ ಅಳತೆಯನ್ನು ಸ್ಟುಡಿಯೊದ ನೆಲದ ಮೇಲೆ ಬರೆಸುತ್ತೇನೆ. ಮಕ್ಕಳು ಇಷ್ಟೇನಾ ಅನ್ನುತ್ತಾರೆ. ಆಮೇಲೆ ಒಳಗೆ ನಿಂತು ಸಾಕಲ್ಲ ಅನ್ನುತ್ತಾರೆ.

ಈಗ ಆ ಮಳೆಯ ರಾತ್ರಿಗೆ ಬರೋಣ.

ನಿಮ್ಮ ಹುಡುಗರು ಇಂಥದ್ದನ್ನು ಅರ್ಧ ದಿನದಲ್ಲಿ ಎಬ್ಬಿಸುತ್ತಾರೆ ಅನ್ನುವುದು ನಿಜ. ಇನ್ನೂ ಚೆನ್ನಾಗಿ ಎಬ್ಬಿಸುತ್ತಾರೆ. ಅವರ ಕೈಯಲ್ಲಿ ನೀರು ನಿಲ್ಲುತ್ತಿರಲಿಲ್ಲ. ಯಾಕೆ ನಿಲ್ಲುತ್ತಿರಲಿಲ್ಲ ಅನ್ನುವುದನ್ನು ನಿಮ್ಮ ಮಗಳು ಒಂದೇ ರಾತ್ರಿಯಲ್ಲಿ ಕಲಿತಿದ್ದಾಳೆ. ಬಹುಶಃ ಯಾರೂ ಅದನ್ನು ಅವಳಿಗೆ ಬಿಡಿಸಿ ಹೇಳಿಲ್ಲ. ನೀವು ಹೇಳಿ. ತಾಡಪತ್ರಿಗೆ ಸಾಕಷ್ಟು ಇಳಿಜಾರು ಇರಲಿಲ್ಲ, ಇಲ್ಲವೇ ಕೆಳಗಿನ ಬಿದಿರುಗಳ ಅಂತರ ಜಾಸ್ತಿ ಆಗಿತ್ತು. ಸ್ವಲ್ಪ ಜೋತಿತು. ಜೋತ ಕಡೆ ನೀರು ಸೇರಿತು. ನೀರು ಸೇರಿದ್ದಕ್ಕೆ ಇನ್ನೂ ಜೋತಿತು. ಒಂದು ಚದರ ಮೀಟರ್ ಜಾಗದಲ್ಲಿ ಹತ್ತು ಸೆಂಟಿಮೀಟರ್ ನೀರು ನಿಂತರೆ ಅದರ ತೂಕ 100 ಕಿಲೊ. ಎರಡು ಸಿಮೆಂಟ್ ಚೀಲವನ್ನು ತಾಡಪತ್ರಿಯ ನಡುವೆ ಇಟ್ಟ ಹಾಗೆ. ಗಂಟು ಬಿಚ್ಚಿಕೊಳ್ಳದೆ ಇನ್ನೇನಾಗುತ್ತದೆ? ನಡುದೂಲವನ್ನು ಎತ್ತರಿಸಿ, ತಾಡಪತ್ರಿಯನ್ನು ಬಿಗಿಯಾಗಿ ಎಳೆದು ಕಟ್ಟಿ, ಅಡ್ಡ ಬಿದಿರುಗಳನ್ನು ಹತ್ತಿರ ಹತ್ತಿರ ಹಾಕಿದ್ದರೆ ನಿಲ್ಲುತ್ತಿತ್ತು. ಕಂಬಗಳ ನಡುವೆ ಓರೆ ಬಿದಿರು ಕೊಟ್ಟು ತ್ರಿಕೋನ ಮಾಡಿದ್ದರೆ ಒಂದು ಕಡೆ ಬಿಟ್ಟುಕೊಂಡರೂ ಇಡೀ ಚೌಕಟ್ಟು ವಾಲುತ್ತಿರಲಿಲ್ಲ. ಅವಳು ಇದನ್ನು ತಾನೇ ಬಿಡಿಸಿ ಒಂದು ಹಾಳೆಯಲ್ಲಿ ಬರೆದು ತೋರಿಸಿದರೆ, ಆ ಪ್ರಾಜೆಕ್ಟಿನ ಅತ್ಯುತ್ತಮ ಕೆಲಸ ಅದೇ ಆಗುತ್ತದೆ.

ನಿಮ್ಮ ಹುಡುಗರಿಗೂ ಅವಳ ಓದಿಗೂ ಇರುವ ವ್ಯತ್ಯಾಸ ಹೇಳುತ್ತೇನೆ. ಅವರು ಹಿರಿಯರ ಜೊತೆ ಕಟ್ಟಿ ಕಟ್ಟಿ ಕಲಿತವರು. ಪರಿಚಯದ ಊರು, ಪರಿಚಯದ ಸಾಮಾನು ಇದ್ದಾಗ ಆ ವಿದ್ಯೆಯನ್ನು ಮೀರಿಸುವುದು ಕಷ್ಟ. ಪರಿಚಯವಿಲ್ಲದ ಕಡೆ, ಇದ್ದದ್ದೆಲ್ಲ ಬಿದ್ದುಹೋದಾಗ, ಕಾರಣ ಗೊತ್ತಿರುವವರು ಬೇಕಾಗುತ್ತಾರೆ. ಜಪಾನಿನ ಆರ್ಕಿಟೆಕ್ಟ್ ಶಿಗೆರು ಬಾನ್ 1995ರ ಕೋಬೆ ಭೂಕಂಪದ ನಂತರ ಕಾಗದದ ಕೊಳವೆಗಳನ್ನು ಸಾಲಾಗಿ ನಿಲ್ಲಿಸಿ ಗೋಡೆ ಮಾಡಿದರು. ಬಿಯರ್ ಕ್ರೇಟುಗಳಲ್ಲಿ ಮರಳು ತುಂಬಿ ಪಾಯ ಮಾಡಿದರು. 2001ರ ಜನವರಿ 26ರ ಭೂಕಂಪ ಆದ ಮೇಲೆ ಗುಜರಾತಿನ ಕಚ್ಛ್‌ನಲ್ಲಿರುವ ಭುಜ್‌ಗೆ ಬಂದಾಗ ಆ ಕ್ರೇಟು ಸಿಗಲಿಲ್ಲ. ಬಿದ್ದ ಮನೆಗಳ ಕಲ್ಲು-ಇಟ್ಟಿಗೆ ಚೂರುಗಳೇ ಪಾಯವಾದವು, ನೆಲಕ್ಕೆ ಮಣ್ಣು ಬಂತು. ಚಾವಣಿಗೆ ಸೀಳಿದ ಬಿದಿರಿನ ಕಮಾನು, ಮೇಲೆ ಹೆಣೆದ ಚಾಪೆ, ಅದರ ಮೇಲೆ ಪ್ಲಾಸ್ಟಿಕ್ ಹೊದಿಕೆ, ಮತ್ತೆ ಚಾಪೆ. ಎರಡೂ ತುದಿಯ ಚಾಪೆಯ ಸಂದುಗಳಿಂದ ಒಲೆಯ ಹೊಗೆ ಹೊರಗೆ ಹೋಗುತ್ತಿತ್ತು. ಸಾಮಾನು ಬದಲಾಯಿತು, ಯೋಚನೆ ಉಳಿಯಿತು. ಅದೇ ಕಚ್ಛ್‌ನಲ್ಲಿ ಭುಂಗಾ ಅನ್ನುವ ದುಂಡಗಿನ ಮಣ್ಣಿನ ಮನೆಗಳು ಎಷ್ಟೋ ಕಡೆ ಆ ಭೂಕಂಪಕ್ಕೆ ಜಗ್ಗದೆ ನಿಂತವು. ದುಂಡು ಗೋಡೆಗೆ ಬಿಚ್ಚಿಕೊಳ್ಳುವ ಮೂಲೆ ಇಲ್ಲ, ಚಾವಣಿ ಹಗುರ. ಈ ಕಾರಣ ಗೊತ್ತಿದ್ದರೆ ಅದನ್ನು ಬೇರೆ ಕಡೆಗೂ ಒಯ್ಯಬಹುದು. ಆರ್ಕಿಟೆಕ್ಟ್ ಆದವರಿಂದ ನಾವು ನಿರೀಕ್ಷಿಸುವುದು ಇದನ್ನು.

ವಿದ್ಯಾರ್ಥಿಗಳನ್ನು ತಾವೇ ಕಟ್ಟಿದ ಗೂಡಿನಲ್ಲಿ ಮಲಗಿಸುವುದೂ ಇಂದಿನ ಹುಚ್ಚಲ್ಲ. ಅಮೆರಿಕದ ಆರ್ಕಿಟೆಕ್ಟ್ ಫ್ರಾಂಕ್ ಲಾಯ್ಡ್ ರೈಟ್ 1937ರ ಕೊನೆಯಲ್ಲಿ ಅರಿಜೋನಾ ಮರುಭೂಮಿಯಲ್ಲಿ ಜಾಗ ಕೊಂಡು ತಮ್ಮ ಶಿಷ್ಯರ ಜೊತೆ ಟ್ಯಾಲಿಯೆಸಿನ್ ವೆಸ್ಟ್ ಅನ್ನುವ ತಮ್ಮ ಮನೆ-ಶಾಲೆ ಕಟ್ಟತೊಡಗಿದರು. ಕಟ್ಟುವಷ್ಟು ಕಾಲ ಶಿಷ್ಯರು ಡೇರೆಯಲ್ಲಿದ್ದರು. ಮುಂದೆ ಅಲ್ಲಿ ಓದಿದವರು ಮರುಭೂಮಿಯಲ್ಲಿ ತಮಗೆ ತಾವೇ ಪುಟ್ಟ ಶೆಲ್ಟರ್ ಕಟ್ಟಿಕೊಂಡು ಅದರಲ್ಲೇ ಮಲಗುವ ಪದ್ಧತಿ ದಶಕಗಳ ಕಾಲ ನಡೆಯಿತು. ಹಗಲಿನ ಸುಡು ಬಿಸಿಲು, ರಾತ್ರಿಯ ಚಳಿ ಎರಡನ್ನೂ ಮೈಮೇಲೆ ಹೊತ್ತವರು ಗೋಡೆಯ ದಪ್ಪದ ಬಗ್ಗೆ ಸುಮ್ನೆ ಮಾತಾಡುವುದಿಲ್ಲ.

ಇದಕ್ಕಿಂತ ನನಗೆ ಹತ್ತಿರವಾದದ್ದು ಅಮೆರಿಕದ್ದೇ ಅಲಬಾಮಾ ರಾಜ್ಯದ ರೂರಲ್ ಸ್ಟುಡಿಯೊ. ಆಬರ್ನ್ ವಿಶ್ವವಿದ್ಯಾಲಯದ ಸ್ಯಾಮ್ಯುಯೆಲ್ ಮಾಕ್‌ಬೀ ಮತ್ತು ಡಿ.ಕೆ. ರೂತ್ 1993ರಲ್ಲಿ ಇದನ್ನು ಶುರು ಮಾಡಿದರು. ವಿದ್ಯಾರ್ಥಿಗಳು ಹೇಲ್ ಕೌಂಟಿ ಅನ್ನುವ ಬಡ ಪ್ರದೇಶಕ್ಕೆ ಹೋಗಿ ಅಲ್ಲೇ ಇದ್ದು, ಅಲ್ಲಿನವರಿಗೆ ತಮ್ಮ ಕೈಯಾರೆ ಕಟ್ಟುತ್ತಾರೆ. ಮೊದಲ ಮನೆ 1994ರಲ್ಲಿ ಬ್ರಯಂಟ್ ಅನ್ನುವ ವಯಸ್ಸಾದ ದಂಪತಿಗೆ. ಒಣಹುಲ್ಲಿನ ಪೆಂಡಿಗಳನ್ನು ಇಟ್ಟಿಗೆಯಂತೆ ಪೇರಿಸಿ ಮೇಲೆ ಗಾರೆ ಬಳಿದ ಗೋಡೆ. ಖರ್ಚೂ ಕಡಿಮೆ, ಬಿಸಿಲು ಚಳಿಗೂ ಒಳ್ಳೆಯದು. ಆದರೆ ಆ ಮನೆಯ ಜೀವ ಮುಂದಿನ ಉದ್ದನೆಯ ವರಾಂಡದಲ್ಲಿದೆ. ಆ ಕುಟುಂಬ ದಿನದ ಹೆಚ್ಚು ಹೊತ್ತು ಕಳೆಯುತ್ತಿದ್ದದ್ದು ಅಲ್ಲೇ. ನೆಂಟರು ಬಂದು ಕೂರುತ್ತಿದ್ದದ್ದೂ ಅಲ್ಲೇ. ಒಣಗಿದ ಜಾಗ ಕೊಟ್ಟರೆ ಅದು ಶೆಲ್ಟರ್ ಆಗಬಹುದು. ಅಲ್ಲಿ ಇರುವವರು ಹೇಗೆ ಬದುಕುತ್ತಾರೆ ಅನ್ನುವುದು ಗೊತ್ತಿಲ್ಲದೆ ಆ ವಿದ್ಯಾರ್ಥಿಗಳಿಗೆ ಆ ವರಾಂಡ ಹೊಳೆಯುತ್ತಿರಲಿಲ್ಲ.

ಜೂರಿಯ ಪ್ರಶ್ನೆಗೆ ಈಗ ಅರ್ಥ ಬರುತ್ತದೆ ಎಂದುಕೊಂಡಿದ್ದೇನೆ. ‘ಸ್ಪೇಸ್ ಎಲ್ಲಿದೆ’ ಅಂದವರು ಬಹುಶಃ ಇಂಥದ್ದನ್ನು ಕೇಳಿದ್ದು: ತಾಡಪತ್ರಿಯ ಕೆಳಗೆ ಹೋಗುವ ಮುಂಚೆ ಚಪ್ಪಲಿ ಎಲ್ಲಿ ಬಿಡುತ್ತೀರಿ? ಇಬ್ಬರಲ್ಲಿ ಒಬ್ಬರಿಗೆ ನಿದ್ದೆ ಬಾರದಿದ್ದರೆ ಎಲ್ಲಿ ಕೂರುತ್ತಾರೆ? ಮಲಗಿದ ಕಡೆಯಿಂದ ಯಾರು ಬರುತ್ತಿದ್ದಾರೆ ಎಂದು ಕಾಣುತ್ತದಾ? ತಲೆ ಯಾವ ಕಡೆ, ಗಾಳಿ ಯಾವ ಕಡೆಯಿಂದ? ನೆಲದ ತೇವ ತಾಗದಂತೆ ಏನು ಮಾಡಿದಿರಿ? ಹೆಣ್ಣುಮಗಳೊಬ್ಬಳು ಒಳಗಿದ್ದರೆ ಅವಳಿಗೆ ಬಟ್ಟೆ ಬದಲಿಸುವ ಮರೆ ಇದೆಯಾ? ನಮ್ಮ ಊರಿನ ಮನೆಗಳಲ್ಲಿ ಬೀದಿಗೂ ಬಾಗಿಲಿಗೂ ನಡುವೆ ಒಂದು ಕಟ್ಟೆ ಇರುತ್ತದೆ. ಒಳಗೆ ಕರೆಯಬೇಕಾದವರು, ಕಟ್ಟೆಯ ಮೇಲೇ ಮಾತಾಡಿ ಕಳಿಸಬೇಕಾದವರು ಎಂದು ಅದು ತಾನಾಗಿ ವಿಂಗಡಿಸುತ್ತದೆ. ಸುಮಾರು ಒಂದೂವರೆ ಅಡಿ ಎತ್ತರದ ಕಲ್ಲುಕಟ್ಟು ಅಷ್ಟು ಕೆಲಸ ಮಾಡುತ್ತದೆ. ಸ್ಪೇಸ್ ಅಂದರೆ ಇಂಥ ವಿಷಯಗಳೇ.

ಆದರೆ ಆ ಜೂರಿಯವರು ಮಾಡಿದ್ದು ಸರಿ ಎಂದು ನಾನು ಹೇಳುವುದಿಲ್ಲ. ಪ್ರಶ್ನೆ ಕೇಳಿ ಹೊರಟುಹೋಗುವುದು ಪಾಠವಲ್ಲ. ರಾತ್ರಿಯಿಡೀ ನೆನೆದು ಬಂದ ಮೊದಲ ವರ್ಷದ ಮಕ್ಕಳಿಗೆ, ನಾಳೆ ಬೆಳಿಗ್ಗೆ ಕೂತು ತಿದ್ದಬಹುದಾದ ಒಂದಾದರೂ ಮಾತು ಸಿಗಬೇಕು. ನಮ್ಮ ಸ್ಟುಡಿಯೊಗಳಲ್ಲಿ ದೊಡ್ಡ ಮಾತು ಜಾಸ್ತಿಯಾಗಿ ಬಿಡಿಸಿ ಹೇಳುವುದು ಕಡಿಮೆಯಾಗಿದೆ. ಇದನ್ನು ನಾನು ಸಹೋದ್ಯೋಗಿಗಳ ಎದುರೂ ಹೇಳುತ್ತೇನೆ. ಮಕ್ಕಳೂ ಅದನ್ನೇ ಕಲಿಯುತ್ತಾರೆ. ಕಾನ್ಸೆಪ್ಟ್ ಎಂದು ಚಿಟ್ಟೆ, ಕಮಲ, ಅನಂತತೆ ಅನ್ನುತ್ತಾರೆ. ಮಳೆ ನೀರು ಎಲ್ಲಿ ಹೋಗುತ್ತದೆ ಅಂದರೆ ಸುಮ್ಮನಾಗುತ್ತಾರೆ.

ಹಾಗಾಗಿ ಕಾಲೇಜಿನ ಕೆಲಸ ಸರಿಯಾಗಿದೆಯಾ ಎಂದು ಅಳೆಯಲು ನೀವು ಒಂದನ್ನು ನೋಡಿ. ಮಗಳು ಮಾಡಿದ ವಸ್ತುವನ್ನು ಬಿಸಿಲು, ಮಳೆ, ಮನುಷ್ಯನ ಮೈ ಇವುಗಳ ಮುಂದೆ ಇಟ್ಟು ಪರೀಕ್ಷೆ ಮಾಡಿಸುತ್ತಾರಾ? ಆಮೇಲೆ ಕೂತು ಯಾಕೆ ಹೀಗಾಯಿತು ಎಂದು ಮಾತಾಡುತ್ತಾರಾ? ನಿಮ್ಮ ಪತ್ರ ನೋಡಿದರೆ ಮೊದಲನೆಯದನ್ನು ಮಾಡಿದ್ದಾರೆ, ಎರಡನೆಯದನ್ನು ಬಿಟ್ಟಿದ್ದಾರೆ. ಮೊದಲನೆಯದೇ ಇಲ್ಲದಿದ್ದರೆ, ಅಂದರೆ ಐದು ವರ್ಷವೂ ಬರೀ ರಟ್ಟಿನ ಮಾದರಿ, ಬಣ್ಣದ ಶೀಟಿನಲ್ಲೇ ಕಳೆದರೆ, ನಾನು ನಿಮ್ಮ ಪಕ್ಷ ವಹಿಸುತ್ತಿದ್ದೆ.

ಇದರ ಜೊತೆ ಸುರಕ್ಷತೆಯ ಬಗ್ಗೆ ಕಾಲೇಜನ್ನು ಕೇಳುವ ಹಕ್ಕು ನಿಮಗಿದೆ. ರಾತ್ರಿ ಮಕ್ಕಳ ಜೊತೆ ಮೇಷ್ಟ್ರು ಯಾರಾದರೂ ಇದ್ದರಾ? ಗುಡುಗು, ಜೋರು ಗಾಳಿ ಬಂದರೆ ಎಲ್ಲರೂ ಒಳಗೆ ಬರಬೇಕು ಅನ್ನುವ ನಿಯಮ ಇತ್ತಾ? ಮೇಲೆ ಅಟ್ಟ ಕಟ್ಟಿ ಹತ್ತಲು ಬಿಡಬಾರದು. ತಾಡಪತ್ರಿಯ ಕೆಳಗೆ ಮೇಣದ ಬತ್ತಿ, ಸ್ಟೌ ಇಡಲೇಬಾರದು. ಇಂಥ ಅಭ್ಯಾಸ ಮಾಡಿಸುವ ಯಾವ ಮೇಷ್ಟ್ರೂ ಇದಕ್ಕೆ ಬೇಸರ ಮಾಡಿಕೊಳ್ಳಬಾರದು.

ಚಿತ್ರ ಬರುವುದಿಲ್ಲ ಅನ್ನುವ ವಿಷಯ. ಇದೊಂದು ಗಟ್ಟಿಯಾಗಿ ಬೇರು ಬಿಟ್ಟ ತಪ್ಪು ಕಲ್ಪನೆ. ಚಂದದ ಚಿತ್ರ ಬರೆಯುವುದು ಬೇರೆ, ಕಟ್ಟಡವನ್ನು ಕಾಗದದಲ್ಲಿ ತಿಳಿಸುವುದು ಬೇರೆ. ಪ್ಲಾನ್, ಸೆಕ್ಷನ್ (ಕಟ್ಟಡವನ್ನು ಸೀಳಿದಂತೆ ತೋರಿಸುವ ನಕ್ಷೆ), ಎಲಿವೇಷನ್ (ಹೊರಮುಖದ ನಕ್ಷೆ) ಇವು ಕಲಿತರೆ ಬರುವಂಥವು. ಮುಖ ಬಿಡಿಸಲು ಬಾರದ ಎಷ್ಟೋ ಮಕ್ಕಳು ಎರಡನೇ ವರ್ಷದ ಹೊತ್ತಿಗೆ ಮೆಟ್ಟಿಲಿನ ಸೆಕ್ಷನ್ ಅನ್ನು ಸ್ವಚ್ಛವಾಗಿ ಬರೆಯುತ್ತಾರೆ. ಆರ್ಕಿಟೆಕ್ಟ್ ಲಾರಿ ಬೇಕರ್ ತಿರುವನಂತಪುರದಲ್ಲಿ ಹಳೇ ಲಕೋಟೆಯ ಹಿಂದೆ, ಮಿಕ್ಕ ಕಾಗದದ ಚೂರಿನ ಮೇಲೆ ಗೀಚಿ ಸೈಟಿನಲ್ಲಿ ಮೇಸ್ತ್ರಿಗಳ ಜೊತೆ ನಿಂತು ಕಟ್ಟಿಸುತ್ತಿದ್ದರು. ಅವರು ಬಳಕೆಗೆ ತಂದ ರ‍್ಯಾಟ್ ಟ್ರಾಪ್ ಕಟ್ಟಿನಲ್ಲಿ ಇಟ್ಟಿಗೆಯನ್ನು ಅಂಚಿನ ಮೇಲೆ ನಿಲ್ಲಿಸಿ ಒಳಗೆ ಟೊಳ್ಳು ಬಿಡುತ್ತಾರೆ. ಸುಮಾರು ಕಾಲು ಭಾಗ ಇಟ್ಟಿಗೆ ಉಳಿಯುತ್ತದೆ, ಗೋಡೆಯೂ ತಂಪು. ಅಂಥ ಯೋಚನೆಗೆ ಕೈಬರಹದ ಚಂದ ಬೇಕಾಗಿಲ್ಲ. ಇದರಲ್ಲಿ ನಿಮ್ಮ ಮಗಳಿಗೆ ಬೇರೆ ಮಕ್ಕಳಿಗಿಲ್ಲದ ಒಂದು ಅನುಕೂಲ ಇದೆ. ಅವಳು ಕಟ್ಟಡದ ಕೆಲಸ ನೋಡುತ್ತಾ ಬೆಳೆದಿದ್ದಾಳೆ.

ಖರ್ಚಿನ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಸನ್‌ಬೋರ್ಡ್, ಫೋಮ್ ಬೋರ್ಡ್, ಬಣ್ಣದ ಪ್ರಿಂಟ್ ಇವು ಮೊದಲ ವರ್ಷದಲ್ಲಿ ಬೇಕಾಗಿಲ್ಲ. ಅಭ್ಯಾಸದ ಮಾದರಿಗೆ ಅಂಗಡಿಯ ಹಳೇ ರಟ್ಟು, ನ್ಯೂಸ್‌ಪೇಪರ್ ಸಾಕು. ದುಬಾರಿ ಸಾಮಾನಿನ ಮಾದರಿಗೆ ಜಾಸ್ತಿ ಅಂಕ ಬರುತ್ತದೆ ಅನ್ನುವ ಭಾವನೆ ಮಕ್ಕಳಲ್ಲಿ ಇದೆ. ಕ್ಲಾಸ್ ಮೇಷ್ಟ್ರನ್ನು ನೇರವಾಗಿ ಕೇಳಲು ಹೇಳಿ.

ನೈಟ್ ಔಟ್, ಅಂದರೆ ರಾತ್ರಿಯಿಡೀ ನಿದ್ದೆಗೆಟ್ಟು ಕೆಲಸ ಮಾಡುವುದರ ಬಗ್ಗೆ ನನ್ನ ಮಾತು ಕಟುವಾಗಿಯೇ ಇರುತ್ತದೆ. ರಾತ್ರಿ ಎದ್ದರೇ ಒಳ್ಳೆಯ ಆರ್ಕಿಟೆಕ್ಟ್ ಅನ್ನುವುದು ಹೆಮ್ಮೆಯ ವಿಷಯವಾಗಿ ಹಿರಿಯ ವಿದ್ಯಾರ್ಥಿಗಳಿಂದ ಕಿರಿಯರಿಗೆ ದಾಟುತ್ತಿದೆ. ನಿದ್ದೆಗೆಟ್ಟ ಕೈಯಲ್ಲಿ ಕಟರ್ ಬ್ಲೇಡ್ ಹಿಡಿದು ಬೆರಳು ಕೊಯ್ದುಕೊಂಡವರನ್ನು ನಾನು ಸಾಕಷ್ಟು ನೋಡಿದ್ದೇನೆ. ಹೆಚ್ಚಿನ ರಾತ್ರಿಗಳಿಗೆ ಕಾರಣ ಕೆಲಸದ ಭಾರಕ್ಕಿಂತ, ಯಾವುದನ್ನು ನಿಲ್ಲಿಸಬೇಕು ಎಂದು ಗೊತ್ತಾಗದೇ ಇರುವುದು. ಸಬ್‌ಮಿಷನ್ನಿನ ಹಿಂದಿನ ರಾತ್ರಿ ವಿನ್ಯಾಸ ಬದಲಿಸುತ್ತಾರೆ. ಎರಡು ದಿನ ಮೊದಲೇ ವಿನ್ಯಾಸ ಮುಗಿಸಿ, ಆಮೇಲೆ ಬರೆಯುವುದಷ್ಟೇ ಎಂದು ಗುಂಪಿನಲ್ಲೇ ತೀರ್ಮಾನ ಮಾಡಿಕೊಂಡರೆ ತುಂಬ ಹಗುರವಾಗುತ್ತದೆ.

ಮಗಳ ವಿಷಯಕ್ಕೆ ಬರುತ್ತೇನೆ. ಈ ಭಾನುವಾರ ಆದರೆ ಹೋಗಿ ನೋಡಿಕೊಂಡು ಬನ್ನಿ. ಬಿಡ್ತೀಯಾ ಇರ್ತೀಯಾ ಎಂದು ಕೇಳಬೇಡಿ. ಊಟ, ನಿದ್ದೆ ಹೇಗಿದೆ ನೋಡಿ. ಒಂದು ಕೆಟ್ಟ ಜೂರಿಯ ಬೇಸರ ಹತ್ತು ಹದಿನೈದು ದಿನದಲ್ಲಿ ಇಳಿಯುತ್ತದೆ. ಅದಕ್ಕೂ ಮುಂದುವರಿದು ಊಟ ಸೇರದೆ, ಯಾರ ಜೊತೆಗೂ ಮಾತಾಡದೆ, ತಾನು ಯಾರಿಗೂ ಬೇಡ ಅನ್ನುವ ಮಾತು ಬಂದರೆ ತಡಮಾಡಬೇಡಿ. ಕಾಲೇಜಿನ ಕೌನ್ಸೆಲರ್ ಇಲ್ಲವೇ ವೈದ್ಯರನ್ನು ನೋಡಿ. 14416ಕ್ಕೆ ಫೋನ್ ಮಾಡಿದರೆ ಸರ್ಕಾರದ ಟೆಲಿ ಮಾನಸ್ ಸೇವೆ 24 ಗಂಟೆ ಉಚಿತವಾಗಿ ಸಿಗುತ್ತದೆ. ಕನ್ನಡದಲ್ಲೇ ಮಾತಾಡಬಹುದು. ಅಂಥ ಪರಿಸ್ಥಿತಿಯಲ್ಲಿ ಓದಿನ ತೀರ್ಮಾನ ಆಮೇಲೆ.

ಅಷ್ಟು ಗಂಭೀರ ಅಲ್ಲದಿದ್ದರೆ, ಅವಳು ಅಲ್ಲೇ ಇದ್ದು ಈ ವರ್ಷ ಮುಗಿಸಲಿ ಅನ್ನುವುದು ನನ್ನ ಅಭಿಪ್ರಾಯ. ಸ್ಟುಡಿಯೊ ಮೇಷ್ಟ್ರನ್ನು ಜೂರಿಯ ಗದ್ದಲ ಇಲ್ಲದ ದಿನ ಒಬ್ಬಳೇ ಹೋಗಿ ನೋಡಿ, ‘ನನ್ನ ಶೆಲ್ಟರಿನಲ್ಲಿ ಏನು ಕಮ್ಮಿ ಇತ್ತು, ಬಿಡಿಸಿ ಹೇಳಿ’ ಎಂದು ಕೇಳಲಿ. ಹಾಗೆ ಕೇಳಿದ ವಿದ್ಯಾರ್ಥಿಗೆ ಹೇಳದ ಮೇಷ್ಟ್ರು ಅಪರೂಪ. ಇದರಲ್ಲಿರುವ ಅಪಾಯ ಎಂದರೆ, ಅಂಥ ಅಪರೂಪದ ಮೇಷ್ಟ್ರೇ ಸಿಕ್ಕಿ ಅವಳು ಇನ್ನಷ್ಟು ಕುಗ್ಗುವುದು. ಆಗ ಅದೇ ಕಾಲೇಜಿನ ಬೇರೆ ಮೇಷ್ಟ್ರನ್ನೋ ಮೂರನೇ ನಾಲ್ಕನೇ ವರ್ಷದ ಒಳ್ಳೆಯ ಹಿರಿಯ ವಿದ್ಯಾರ್ಥಿಯನ್ನೋ ಹುಡುಕಿಕೊಳ್ಳಬೇಕು.

ರಜೆಯಲ್ಲಿ ಅವಳನ್ನು ನಿಮ್ಮ ಸೈಟಿಗೆ ಕರೆದುಕೊಂಡು ಹೋಗಿ. ಸೆಂಟ್ರಿಂಗ್ ಹೊಡೆಯುವಾಗ, ಕಂಬಿ ಕಟ್ಟುವಾಗ, ಕಾಂಕ್ರೀಟ್ ಹಾಕುವಾಗ ನಿಲ್ಲಲಿ. ಕಾಲೇಜು ಕೊಡಲಾಗದ್ದನ್ನು ನೀವು ಕೊಡಬಹುದು. ಇದರಲ್ಲೂ ಒಂದು ತೊಂದರೆ ಇದೆ. ನಾವು ಮೊದಲಿಂದ ಮಾಡೋದೇ ಹೀಗೆ ಅನ್ನುವ ಮಾತು ಸೈಟಿನಲ್ಲಿ ಬೇಗ ಅಂಟಿಕೊಳ್ಳುತ್ತದೆ. ಅವಳು ಯಾಕೆ ಎಂದು ಕೇಳಿದಾಗ ದಯವಿಟ್ಟು ಗದರಬೇಡಿ. ಮೇಸ್ತ್ರಿಗೆ ಗೊತ್ತಿದ್ದರೆ ಹೇಳಲಿ, ಗೊತ್ತಿಲ್ಲದಿದ್ದರೆ ಇಬ್ಬರೂ ಕೂಡಿ ಹುಡುಕಲಿ. ಇದಕ್ಕಿಂತ ಒಳ್ಳೆಯದು ಇನ್ನೊಂದಿದೆ. ನಿಮ್ಮ ಮನೆತನದಲ್ಲಿ ಹಳೇ ಮಣ್ಣಿನ ಮನೆ ಉಳಿದಿದ್ದರೆ ಅದನ್ನು ಪೂರ್ತಿ ಅಳೆದು ಬರೆಯಲಿ. ಗೋಡೆಯ ದಪ್ಪ, ಕಟ್ಟೆಯ ಎತ್ತರ, ಬೆಳಕಿಂಡಿಯ ಅಗಲ, ಯಾವ ಹೊತ್ತಿಗೆ ಬೆಳಕು ಎಲ್ಲಿ ಬೀಳುತ್ತದೆ, ಅಜ್ಜಿ ಎಲ್ಲಿ ಕೂರುತ್ತಿದ್ದರು ಎಲ್ಲವೂ. ಆರ್ಕಿಟೆಕ್ಚರ್‌ನಲ್ಲಿ ಇದಕ್ಕೆ ಮೆಷರ್ಡ್ ಡ್ರಾಯಿಂಗ್ ಅನ್ನುತ್ತೇವೆ. ಟೇಪಿನ ಇನ್ನೊಂದು ತುದಿ ಹಿಡಿಯಲು ನೀವೇ ಹೋಗಿ.

ಸಿವಿಲ್ ವಿಷಯ. ನೆಂಟರು ಹೇಳುವಷ್ಟು ಅದು ಸುಲಭದ ದಾರಿ ಅಲ್ಲ. ಸಾಮಾನ್ಯವಾಗಿ ಹೊಸದಾಗಿ ಪ್ರವೇಶ ಪಡೆಯಬೇಕಾಗುತ್ತದೆ, ಒಂದು ವರ್ಷ ಹೋಗುತ್ತದೆ, ಕಟ್ಟಿದ ಫೀಸು ವಾಪಸ್ ಬರುವುದು ಕಷ್ಟ. ಆದರೆ ಕೆಲವು ಮಕ್ಕಳಿಗೆ ಅದೇ ಸರಿಯಾದ ಜಾಗ. ಹೇಗೆ ಗೊತ್ತಾಗುತ್ತದೆ ಅಂದರೆ, ಆ ತಾಡಪತ್ರಿ ಯಾಕೆ ಕುಸಿಯಿತು, ಎಷ್ಟು ಭಾರ ಬಿತ್ತು, ಬಿದಿರು ಎಷ್ಟು ತಾಳುತ್ತದೆ ಅನ್ನುವ ಲೆಕ್ಕದಲ್ಲಿ ಮಾತ್ರ ಅವಳಿಗೆ ಆಸಕ್ತಿ ಇದ್ದು, ಒಳಗೆ ಯಾರು ಹೇಗೆ ಕೂರುತ್ತಾರೆ ಅನ್ನುವುದು ಬೇಸರ ತರಿಸಿದರೆ ಸಿವಿಲ್ ಯೋಚಿಸಬಹುದು. ಎರಡೂ ಬೇಸರ ಅನ್ನಿಸಿದರೆ ಎರಡೂ ಬೇಡ. ಎರಡರಲ್ಲೂ ಕುತೂಹಲ ಇದ್ದರೆ ಅವಳು ಈಗಿರುವ ಕಡೆಯೇ ಇರಬೇಕು. ಮುಖ್ಯವಾಗಿ, ಈ ತೀರ್ಮಾನವನ್ನು ಕೆಟ್ಟ ಜೂರಿ ಆದ ತಿಂಗಳಲ್ಲಿ ಮಾಡಬೇಡಿ. ಎರಡನೇ ಸೆಮಿಸ್ಟರಿನ ಪ್ರಾಜೆಕ್ಟ್ ಮುಗಿದು, ಅವಳು ಮನೆಗೆ ಬಂದು ಒಂದು ವಾರ ಚೆನ್ನಾಗಿ ಮಲಗಿ ಎದ್ದ ಮೇಲೆ ಕೂತು ಮಾತಾಡಿ. ಮುಂದಿನ ವರ್ಷದ ಎಂಜಿನಿಯರಿಂಗ್ ಪ್ರವೇಶದ ಅರ್ಜಿ ಯಾವಾಗ ಎಂದು ಮಾತ್ರ ಈಗಲೇ ವಿಚಾರಿಸಿ ಇಟ್ಟುಕೊಳ್ಳಿ. ಕೆಲವು ಸಲ ಮೊದಲ ವರ್ಷದ ಪರೀಕ್ಷೆ ಮುಗಿಯುವ ಮೊದಲೇ ಆ ದಿನಾಂಕ ದಾಟಿ ಹೋಗುತ್ತದೆ.